ಚಿನ್ನದ ಗಣಿಯ ಸೀಮೆಯಲ್ಲಿ ಸಂತರ ಚಿತ್ರಗಳು

ಮಧ್ಯಯುಗದ ಕ್ರೈಸ್ತ ಕಲೆ ಎಂದು ಕೈ ಮಾಡಿ ತೋರಿಸಬಹುದಾದ ಒಂದು ಕೃತಿಯೂ ಕೋಲಾರ ಜಿಲ್ಲೆಯಲ್ಲಿಲ್ಲ. ಇರುವುದಕ್ಕೆ ಕಾರಣವೂ ಇಲ್ಲ. ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ ಲಕ್ಕಣ್ಣ ದಂಡೇಶ ಮುಳುಬಾಗಿಲಿನಿಂದ ಈ ಸೀಮೆಯನ್ನು ಆಳುತ್ತಿದ್ದಾಗ, ಅತ್ತ ಫ್ಲಾರೆನ್ಸಿನ ಸಾನ್ ಮಾರ್ಕೊ ಮಠದಲ್ಲಿ ಫ್ರಾ ಆಂಜೆಲಿಕೊ ಎಂಬ ಸನ್ಯಾಸಿ ಚಿತ್ರಕಾರ ಒಂದೊಂದು ಕೋಣೆಯ ಗೋಡೆಗೂ ಯೇಸುವಿನ ಬದುಕಿನ ಒಂದೊಂದು ಘಟನೆಯನ್ನು ಬರೆಯುತ್ತಿದ್ದ. ಇಬ್ಬರೂ ಒಂದೇ ಕಾಲದವರು. ಒಬ್ಬರ ಲೋಕದ ಸುಳಿವು ಇನ್ನೊಬ್ಬರಿಗಿರಲಿಲ್ಲ. ಇಷ್ಟಾಗಿಯೂ ಆ ಕಾಲದ ಯುರೋಪು ಕಟ್ಟಿಕೊಂಡ ಚಿತ್ರಭಾಷೆ ಇಂದು ದಿನಬಳಕೆಯಲ್ಲಿ ಉಳಿದಿರುವುದು ಯುರೋಪಿನಲ್ಲಿ ಕಡಿಮೆ, ಚಿನ್ನದ ಗಣಿಯ ಕೆಜಿಎಫ್‌ನಂಥ ಊರುಗಳಲ್ಲಿ ಹೆಚ್ಚು. ಅಲ್ಲಿ ಅದು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಹೋಗಿ ಕೂತಿದೆ. ಇಲ್ಲಿ ಅದಕ್ಕೆ ಹೂವಿನ ಹಾರ ಬೀಳುತ್ತದೆ, ಮೇಣದ ಬತ್ತಿ ಉರಿಯುತ್ತದೆ, ಹರಕೆ ಸಲ್ಲುತ್ತದೆ. ಕಲೆಯ ಇತಿಹಾಸ ಬರೆಯುವವರು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ತೀರ ಈಚೆಗೆ.

ಒಂದು ಚಿತ್ರವನ್ನೇ ತೆಗೆದುಕೊಳ್ಳೋಣ. ನಮ್ಮ ಕಥೋಲಿಕರ ಮನೆಗಳ ನಡುಮನೆಯಲ್ಲಿ, ಆಟೋಗಳ ಮುಂಗಾಜಿನ ಮೇಲೆ, ವರ್ಷದ ಕ್ಯಾಲೆಂಡರಿನಲ್ಲಿ ಕಾಣುವ ನಿತ್ಯ ಸಹಾಯ ಮಾತೆಯ ಚಿತ್ರ. ಮಗುವನ್ನೆತ್ತಿಕೊಂಡ ತಾಯಿ, ಹಿಂದೆಲ್ಲ ಬರೀ ಹೊಂಬಣ್ಣ. ಮರವಿಲ್ಲ, ಮನೆಯಿಲ್ಲ, ಆಕಾಶವೂ ಇಲ್ಲ. ತಾಯಿ ಮಗುವನ್ನು ನೋಡುತ್ತಿಲ್ಲ, ನೋಡುವವರನ್ನು ನೋಡುತ್ತಿದ್ದಾಳೆ. ಮಗು ಕತ್ತು ಹೊರಳಿಸಿ ಮೇಲೆ ನೋಡುತ್ತಿದೆ. ಅಲ್ಲಿ ಎರಡು ಮೂಲೆಯಲ್ಲಿ ಇಬ್ಬರು ದೇವದೂತರು. ಮಿಖಾಯೇಲನ ಕೈಯಲ್ಲಿ ಈಟಿ ಮತ್ತು ಹುಳಿರಸದಲ್ಲಿ ಅದ್ದಿದ ಸ್ಪಂಜು, ಗಬ್ರಿಯೇಲನ ಕೈಯಲ್ಲಿ ಶಿಲುಬೆ ಮತ್ತು ಮೊಳೆಗಳು. ಮುಂದೆ ತನಗೆ ಆಗಲಿರುವುದನ್ನು ಕೂಸು ಈಗಲೇ ಕಂಡು ಬೆಚ್ಚಿದೆ. ಎರಡು ಪುಟ್ಟ ಕೈಗಳಿಂದ ತಾಯಿಯ ಬಲಗೈ ಹಿಡಿದುಕೊಂಡಿದೆ. ಓಡಿಬಂದ ರಭಸಕ್ಕೆ ಒಂದು ಕಾಲಿನ ಕೆರ ಕಳಚಿ ವಾರಿನಲ್ಲಿ ನೇತಾಡುತ್ತಿದೆ. ಆ ಜೋತುಬಿದ್ದ ಕೆರವೇ ಇಡೀ ಚಿತ್ರದ ಕಥೆ. ದಿನಾ ನೋಡುವವರಲ್ಲೂ ಎಷ್ಟೋ ಜನ ಅದನ್ನು ಗಮನಿಸಿರುವುದಿಲ್ಲ.

ಇದರ ಮೂಲ ಹಲಗೆ ರೋಮಿನಲ್ಲಿದೆ. ಗ್ರೀಸಿನ ಕ್ರೀಟ್ ದ್ವೀಪದ ಚಿತ್ರಕಾರರ ಶೈಲಿಯದು, ಮಧ್ಯಯುಗ ಮುಗಿಯುತ್ತಿದ್ದ ಕಾಲದ್ದು. 1499ರಿಂದ ರೋಮಿನ ಸಂತ ಮತ್ತಾಯರ ಚರ್ಚಿನಲ್ಲಿತ್ತು. ನೆಪೋಲಿಯನ್ ಕಾಲದ ಫ್ರೆಂಚ್ ಸೇನೆ ಬಂದು ಚರ್ಚು ನೆಲಸಮವಾದ ಮೇಲೆ ಮರೆಯಾಯಿತು. 1866ರಲ್ಲಿ ಪೋಪ್ ಒಂಬತ್ತನೇ ಪಿಯುಸ್ ಅದನ್ನು ರಿಡೆಂಪ್ಟರಿಸ್ಟ್ ಸಭೆಯ ಗುರುಗಳ ಕೈಗೆ ಒಪ್ಪಿಸಿದರು. ಅವರು ಅಚ್ಚು ಹಾಕಿಸಿ ಲೋಕಕ್ಕೆಲ್ಲ ಹಂಚಿದರು, ಬೆಂಗಳೂರಿಗೂ ತಂದರು. ಹೀಗೆ ಐನೂರು ವರ್ಷ ಹಳೆಯ ಬೈಜಾಂಟಿಯಮ್ ಪರಂಪರೆಯ ಚಿತ್ರವೊಂದು ಆಫ್‌ಸೆಟ್ ಮುದ್ರಣದಲ್ಲಿ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಗೋಡೆಗೆ ಬಂತು. ಮೂಲದ ಗ್ರೀಕ್ ಅಕ್ಷರಗಳೂ ಜೊತೆಗೇ ಬಂದಿವೆ. ಓದುವವರಿಲ್ಲ, ಅಳಿಸಿದವರೂ ಇಲ್ಲ.

ಅಕ್ಷರ ಬಾರದವರಿಗೆ ಚಿತ್ರವೇ ಪುಸ್ತಕ ಎಂಬ ಮಾತು ಈ ಕಲೆಯ ಚರ್ಚೆಯಲ್ಲಿ ಎಲ್ಲರೂ ಮೊದಲು ಹಿಡಿಯುವ ಎಳೆ. ಕ್ರಿ.ಶ. 600ರ ಸುಮಾರಿಗೆ ಮಾರ್ಸೇ ಪಟ್ಟಣದ ಬಿಷಪ್ ಸೆರೆನಸ್ ತನ್ನ ಚರ್ಚಿನ ಚಿತ್ರಗಳನ್ನು ಒಡೆಸಿಹಾಕಿದ, ಜನ ಪೂಜೆಗೆ ಇಳಿದಿದ್ದಾರೆಂದು. ಪೋಪ್ ಮಹಾ ಗ್ರೆಗರಿ ಅವನಿಗೆ ಪತ್ರ ಬರೆದು, ಪೂಜೆ ತಡೆದದ್ದು ಸರಿ, ಒಡೆದದ್ದು ತಪ್ಪು, ಓದುಬರಹ ಇಲ್ಲದವರು ಗೋಡೆ ನೋಡಿ ಕಲಿಯುತ್ತಾರೆ ಎಂದು ತಿಳಿಹೇಳಿದರು. ಆಮೇಲಿನ ಸಾವಿರ ವರ್ಷ ಚಿತ್ರದ ಪರವಾಗಿ ವಾದಿಸಿದವರೆಲ್ಲ ಈ ಪತ್ರವನ್ನೇ ಮುಂದೆ ಹಿಡಿದರು. ಪೂರ್ವದಲ್ಲಿ ಜಗಳ ಇನ್ನೂ ಬಿರುಸಾಗಿತ್ತು. ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಗಳು 8ನೇ ಶತಮಾನದಲ್ಲಿ ಚಿತ್ರಗಳನ್ನು ನಿಷೇಧಿಸಿದರು, 787ರ ನೈಸಿಯ ಮಹಾಸಭೆ ಮರಳಿ ಮಾನ್ಯ ಮಾಡಿತು, ಮತ್ತೆ ನಿಷೇಧ ಬಂತು, 843ರಲ್ಲಿ ಕೊನೆಗೂ ತಣ್ಣಗಾಯಿತು. ನೈಸಿಯ ಸಭೆ ಎಳೆದ ಗೆರೆ ಸೂಕ್ಷ್ಮವಾದದ್ದು: ಗೌರವ ಚಿತ್ರಕ್ಕೆ ಸಲ್ಲಿಸಿದರೂ ಅದು ಹೋಗಿ ಸೇರುವುದು ಚಿತ್ರದಲ್ಲಿರುವವರಿಗೆ. ಮೂರ್ತಿಪೂಜೆಯ ಬಗ್ಗೆ ನಮ್ಮಲ್ಲಿ ನಡೆದ ವಾದಗಳನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣದು.

ಚಿತ್ರವೇ ಪುಸ್ತಕ ಎಂಬ ಮಾತನ್ನು ಫ್ರಾನ್ಸಿನ ವಿದ್ವಾಂಸ ಎಮಿಲ್ ಮಾಲ್ 1898ರಲ್ಲಿ ಇಡೀ ಕೆಥೆಡ್ರಲ್‌ಗೆ ಹಬ್ಬಿಸಿದ. 13ನೇ ಶತಮಾನದ ಕೆಥೆಡ್ರಲ್ ಎಂದರೆ ಕಲ್ಲಿನ, ಗಾಜಿನ ವಿಶ್ವಕೋಶ ಎಂಬುದು ಅವನ ವಾದ. ಸುಂದರವಾದ ವಾದ, ಪೂರ್ತಿ ನಂಬಲಾರೆ. ಫ್ರಾನ್ಸಿನ ಷಾರ್ತ್ರ್ ಕೆಥೆಡ್ರಲಿನ ಬಣ್ಣದ ಗಾಜಿನ ಕಿಟಕಿಗಳು ನೆಲದಿಂದ ಎಷ್ಟೋ ಎತ್ತರದಲ್ಲಿವೆ. ಒಂದೊಂದರಲ್ಲೂ ಹತ್ತಾರು ಸಣ್ಣ ಸಣ್ಣ ದೃಶ್ಯಗಳು. ಕಥೆ ಮೊದಲೇ ಗೊತ್ತಿಲ್ಲದವರಿಗೆ ಅಲ್ಲಿಂದ ಏನೂ ದಕ್ಕುವುದಿಲ್ಲ. ನಮ್ಮ ಆವಣಿಗೆ ಹೋಗಿ ನೋಡಿ. ಲವಕುಶರು ಹುಟ್ಟಿದ ಊರು, ವಾಲ್ಮೀಕಿಯ ಆಶ್ರಮವಿದ್ದ ಬೆಟ್ಟ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಯಾರೂ ಕಲ್ಲು ನೋಡಿ ಕಲಿತದ್ದಲ್ಲ. ಅಜ್ಜಿಯಿಂದ, ಹರಿಕಥೆಯಿಂದ, ತೊಗಲುಗೊಂಬೆಯಾಟದಿಂದ ಕೇಳಿದ್ದು. ಕಿವಿಗೆ ಬಿದ್ದ ಕಥೆಯನ್ನು ಕಣ್ಣು ಆಮೇಲೆ ಗುರುತಿಸುತ್ತದೆ. ಯುರೋಪಿನ ಹಳ್ಳಿಯವನಿಗೂ ಪಾದ್ರಿಯ ಪ್ರಸಂಗ, ಹಬ್ಬದ ದಿನದ ನಾಟಕ, ಮನೆಯ ಹಿರಿಯರ ಬಾಯಿ ಇದ್ದವು. ಗೋಡೆ ನೆನಪಿಗೆ ಕೊಟ್ಟ ಆಸರೆ, ಪಾಠ ಹೇಳಿದ ಮೇಷ್ಟರಲ್ಲ.

ಆ ಬಾಯಿಮಾತಿನ ಕಥೆಗಳಿಗೆ ಒಂದು ದೊಡ್ಡ ಕೋಶವೂ ಇತ್ತು. ಇಟಲಿಯ ಯಾಕೊಪೊ ದ ವರಾಜಿನೆ ಎಂಬ ಡೊಮಿನಿಕನ್ ಗುರು 1260ರ ಆಸುಪಾಸಿನಲ್ಲಿ ಸಂತರ ಚರಿತ್ರೆಗಳನ್ನು ವರ್ಷದ ಹಬ್ಬಗಳ ಅನುಕ್ರಮದಲ್ಲಿ ಜೋಡಿಸಿ 'ಸ್ವರ್ಣ ಪುರಾಣ' ಎಂದು ಹೆಸರಾದ ಗ್ರಂಥವನ್ನು ಬರೆದ. ಚಿತ್ರಕಾರರು, ಶಿಲ್ಪಿಗಳು ಮುಂದಿನ ಮುನ್ನೂರು ವರ್ಷ ಅದನ್ನೇ ಬಗೆದರು. ಸಂತರನ್ನು ಮುಖದಿಂದ ಗುರುತಿಸುವಂತಿಲ್ಲ, ಎಲ್ಲರ ಮುಖವೂ ಒಂದೇ. ಕೈಯಲ್ಲಿರುವುದನ್ನು ನೋಡಬೇಕು. ಪೇತ್ರನಿಗೆ ಬೀಗದ ಕೈ, ಕ್ಯಾಥರೀನಳಿಗೆ ಮುರಿದ ಚಕ್ರ, ಲಾರೆನ್ಸನಿಗೆ ತನ್ನನ್ನು ಸುಟ್ಟ ಕಬ್ಬಿಣದ ಜಾಲರಿ, ಲೂಸಿಯಳಿಗೆ ತಟ್ಟೆಯಲ್ಲಿ ಎರಡು ಕಣ್ಣು, ಬಾರ್ಬರಾಳಿಗೆ ಮೂರು ಕಿಟಕಿಯ ಗೋಪುರ. ಶಂಖ, ಚಕ್ರ, ಡಮರು, ತ್ರಿಶೂಲ ನೋಡಿ ದೇವರನ್ನು ಗುರುತಿಸಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಒಂದು ವ್ಯತ್ಯಾಸ ಉಂಟು. ನಮ್ಮ ದೇವರ ಕೈಯಲ್ಲಿರುವುದು ಅವನು ಇನ್ನೊಬ್ಬರ ಮೇಲೆ ಪ್ರಯೋಗಿಸಿದ ಆಯುಧ, ಸಂತರ ಕೈಯಲ್ಲಿರುವುದು ಹೆಚ್ಚಿನ ಪಾಲು ಅವರ ಮೇಲೆಯೇ ಪ್ರಯೋಗವಾದದ್ದು. ಕೊಂದ ವಸ್ತುವನ್ನೇ ಹಿಡಿದು ನಿಂತು ಅವರು ಗೆದ್ದವರಂತೆ ನಗುತ್ತಾರೆ.

ಬಾರ್ಬರಾ ಗಣಿಕಾರ್ಮಿಕರ ಸಂತಳು. ಯುರೋಪಿನ ಗಣಿ ಊರುಗಳಲ್ಲಿ ಡಿಸೆಂಬರ್ 4 ಅವಳ ಹಬ್ಬ. ಕಲ್ಲು ಸಿಡಿಸುವವರು, ಹಠಾತ್ ಸಾವಿನ ಭಯ ಇರುವವರೆಲ್ಲ ಅವಳ ಮೊರೆ ಹೋದರು. ಒಂದೊಂದು ಕಷ್ಟಕ್ಕೆ ಒಬ್ಬೊಬ್ಬ ಸಂತ. ಹಲ್ಲು ನೋವಿಗೆ ಅಪೊಲೋನಿಯಾ, ಗಂಟಲಿಗೆ ಬ್ಲಾಸಿಯುಸ್, ಪ್ಲೇಗಿಗೆ ಸೆಬಾಸ್ಟಿಯನ್ ಮತ್ತು ರೋಕ್. ಪಾಶ್ಚಾತ್ಯ ಲೇಖಕರು ಇದನ್ನು ವಿವರಿಸಲು ಪುಟಗಟ್ಟಲೆ ಬರೆಯುತ್ತಾರೆ. ಕೋಲಾರದವರಿಗೆ ಕೋಲಾರಮ್ಮನ ಗುಡಿ ಸಾಕು. ಅದೇ ಪ್ರಾಕಾರದಲ್ಲಿ ಚೇಳಮ್ಮ ಇದ್ದಾಳೆ, ಚೇಳಿನ ಕಾಟದಿಂದ ಕಾಯುವುದು ಅವಳ ಪಾಲಿನ ಕೆಲಸ. 1898ರಲ್ಲಿ ಪ್ಲೇಗ್ ಬಂದಾಗ ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದವು. 1348ರ ಮಹಾಮಾರಿಯ ನಂತರ ಇಟಲಿಯ ಊರೂರಿನಲ್ಲಿ ಸೆಬಾಸ್ಟಿಯನ್ನನ ಚಿತ್ರಗಳು ಎದ್ದದ್ದೂ ಹೀಗೆಯೇ.

ಸೆಬಾಸ್ಟಿಯನ್ನನ ಚಿತ್ರದ ಚರಿತ್ರೆ ಸ್ವಾರಸ್ಯಕರ. ರಾವೆನ್ನಾದ 6ನೇ ಶತಮಾನದ ಮೊಸಾಯಿಕ್‌ನಲ್ಲಿ ಅವನು ಮೈತುಂಬ ಬಟ್ಟೆ ಉಟ್ಟು ನಿಂತಿದ್ದಾನೆ, ಬಾಣದ ಸುದ್ದಿಯೇ ಇಲ್ಲ. 15ನೇ ಶತಮಾನಕ್ಕೆ ಬರುವ ಹೊತ್ತಿಗೆ ಅರೆಬೆತ್ತಲೆಯ ಚೆಲುವ, ಕಂಬಕ್ಕೆ ಕಟ್ಟಿದ್ದಾರೆ, ಮೈತುಂಬ ಬಾಣ. ಪುರಾಣದ ಪ್ರಕಾರ ಅವನು ಬಾಣಕ್ಕೆ ಸಾಯಲಿಲ್ಲ. ಐರೀನ್ ಎಂಬ ವಿಧವೆಯ ಆರೈಕೆಯಿಂದ ಬದುಕಿಕೊಂಡ, ಆಮೇಲೆ ದೊಣ್ಣೆಯಿಂದ ಬಡಿದು ಕೊಂದರು. ದೊಣ್ಣೆ ಹೆಚ್ಚಿನ ಚಿತ್ರಕಾರರಿಗೆ ಬೇಡವಾಯಿತು. ಪ್ಲೇಗೆಂದರೆ ದೇವರು ಎಸೆದ ಬಾಣ ಎಂದು ನಂಬಿದ್ದ ಜನಕ್ಕೆ, ಅಷ್ಟು ಬಾಣ ತಗುಲಿಯೂ ಉಳಿದವನು ಬೇಕಾಗಿದ್ದ. ತಮಿಳು ಕಥೋಲಿಕರು ನೆಲೆಸಿದ ಕಡೆಯೆಲ್ಲ ಜನವರಿಯಲ್ಲಿ ತೇರೇರುವ ಸೆಬಾಸ್ಟಿಯನ್ ಈ ಬಾಣದ ಯುವಕನೇ.

ಇದನ್ನೆಲ್ಲ ಮಾಡಿದವರು ಯಾರು? ಕಲಾವಿದನೆಂದರೆ ಒಂಟಿಯಾಗಿ ಕೂತು ತನಗೆ ತೋಚಿದ್ದನ್ನು ಬರೆಯುವವನು ಎಂಬ ಈಗಿನ ಕಲ್ಪನೆ ಇಟ್ಟುಕೊಂಡು ಮಧ್ಯಯುಗಕ್ಕೆ ಹೋದರೆ ದಾರಿ ತಪ್ಪುತ್ತದೆ. ಪುಸ್ತಕ ಓದುವುದಕ್ಕಿಂತ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಅರ್ಧ ದಿನ ಕಳೆದರೆ ಅರ್ಥವಾಗುವುದು ಹೆಚ್ಚು. ಶಿಲ್ಪಿಗಳ ಊರು ಅದು. ಕಲ್ಲಿನ ಕೆಲಸವೂ ಉಂಟು, ಲೋಹ ಎರಕ ಹೊಯ್ಯುವವರೂ ಉಂಟು. ಮನೆಯ ಮುಂದೆಯೇ ಚಪ್ಪರ, ಅದರಡಿ ಅರೆ ಕೆತ್ತಿದ ಕಲ್ಲು, ಉಳಿಯ ಸದ್ದು, ಕಣ್ಣಿಗೆ ಬೀಳುವ ಕಲ್ಲಿನ ಪುಡಿ. ಮೂರ್ತಿಯ ಎತ್ತರ, ಮುಖದ ಅಳತೆ, ಕೈಯ ಮುದ್ರೆ ಎಲ್ಲಕ್ಕೂ ಶಾಸ್ತ್ರದ ಲೆಕ್ಕ ಇದೆ. ಮೂರ್ತಿ ಯಾವುದು, ಯಾವ ಅಳತೆ, ಯಾವಾಗ ಕೊಡಬೇಕು ಎಂಬುದು ಮುಂಗಡ ಕೊಟ್ಟವರ ಜೊತೆ ಆದ ಮಾತು. ಒರಟು ಕೆಲಸ ಕಲಿಯುವ ಹುಡುಗರದು, ಕಣ್ಣು ಮೂಗು ತಿದ್ದುವುದು ಹಿರಿಯರ ಕೈ. ಮೂರ್ತಿಯ ಮೇಲೆ ಕೆತ್ತಿದವರ ಹೆಸರು ಇರುವುದಿಲ್ಲ.

ಇಟಲಿಯ ಸಿಯೆನ್ನಾ ನಗರದ ಚಿತ್ರಕಾರ ದೂಚ್ಚೊ 1308ರ ಅಕ್ಟೋಬರಿನಲ್ಲಿ ಅಲ್ಲಿನ ಕೆಥೆಡ್ರಲಿಗಾಗಿ ಮಾಡಿಕೊಂಡ ಕರಾರು ಇಂದಿಗೂ ಉಳಿದಿದೆ. ಕೆಲಸ ತನ್ನ ಕೈಯಿಂದಲೇ ಆಗಬೇಕು, ಇದು ಮುಗಿಯುವವರೆಗೆ ಬೇರೆ ಕೆಲಸ ಹಿಡಿಯಬಾರದು, ಕೂಲಿ ದಿನಲೆಕ್ಕದಲ್ಲಿ, ಸಾಮಾನು ಸರಂಜಾಮು ಚರ್ಚಿನದು. ಶಿವಾರಪಟ್ಟಣದ ಯಾವ ಶಿಲ್ಪಿಗೂ ಇದು ವಿಚಿತ್ರವೆನಿಸಲಾರದು. ದೂಚ್ಚೊ ಮುಗಿಸಿದ ದೊಡ್ಡ ಪೀಠಚಿತ್ರವನ್ನು 1311ರ ಜೂನ್ 9ರಂದು ಇಡೀ ಊರು ಅಂಗಡಿ ಮುಚ್ಚಿ, ಗಂಟೆ ಬಾರಿಸಿ, ತುತ್ತೂರಿ ಊದಿ ಮೆರವಣಿಗೆಯಲ್ಲಿ ಕೆಥೆಡ್ರಲಿಗೆ ಕೊಂಡೊಯ್ದಿತು.

ಹಲಗೆಯ ಮೇಲೆ ಬರೆಯುವ ಕ್ರಮವನ್ನು ಚೆನ್ನಿನೊ ಚೆನ್ನಿನಿ ಎಂಬ ಚಿತ್ರಕಾರ 1400ರ ಸುಮಾರಿಗೆ ಬರೆದಿಟ್ಟಿದ್ದಾನೆ. ಮರದ ಹಲಗೆಗೆ ಬಟ್ಟೆ ಅಂಟಿಸಿ, ಜಿಪ್ಸಮ್ ಪುಡಿಯನ್ನು ಚರ್ಮದ ಅಂಟಿನಲ್ಲಿ ಕಲಸಿ ಪದರ ಪದರವಾಗಿ ಬಳಿದು ದಂತದ ಹಾಗೆ ನುಣುಪು ಮಾಡಬೇಕು. ಚಿನ್ನ ಬರುವಲ್ಲಿ ಕೆಂಪು ಜೇಡಿ ಹಚ್ಚಿ, ರೇಕು ಕೂಡಿಸಿ, ನಯವಾದ ಕಲ್ಲಿನಿಂದಲೋ ಪ್ರಾಣಿಯ ಹಲ್ಲಿನಿಂದಲೋ ತಿಕ್ಕಿ ಹೊಳಪು ತರಬೇಕು. ಬಣ್ಣ ಕಲಸುವುದು ಮೊಟ್ಟೆಯ ಹಳದಿಯಲ್ಲಿ. ಎಳೆಯರ ಮುಖಕ್ಕೆ ಪಟ್ಟಣದ ಕೋಳಿಯ ಮೊಟ್ಟೆ ಒಳ್ಳೆಯದು, ಅದರ ಹಳದಿ ತಿಳಿ. ಮುದುಕರ, ಕಪ್ಪು ಮೈಬಣ್ಣದವರ ಮುಖಕ್ಕೆ ಹಳ್ಳಿ ಕೋಳಿಯದಾಗಬಹುದು ಎನ್ನುವಷ್ಟು ನಿಖರ ಮನುಷ್ಯ ಅವನು. ನಮ್ಮ ಮೈಸೂರು ಶೈಲಿಯ ಚಿತ್ರಕಾರರು ಸಫೇದದ ಪುಡಿಗೆ ಅಂಟು ಸೇರಿಸಿ, ಒಡವೆ, ಕಿರೀಟ, ಮಂಟಪದ ಜಾಗವನ್ನು ಉಬ್ಬಿಸಿ, ಮೇಲೆ ಚಿನ್ನದ ರೇಕು ಕೂಡಿಸುವುದನ್ನು ನೋಡಿದವರಿಗೆ ಈ ಎರಡು ಕಸುಬುಗಳ ಹತ್ತಿರದ ನಂಟು ತಾನಾಗಿ ಹೊಳೆಯುತ್ತದೆ. ಒಬ್ಬರಿಂದ ಒಬ್ಬರು ಕಲಿತರೆಂದು ಹೇಳಲು ಹೊರಟಿಲ್ಲ. ಮಸುಕು ಬೆಳಕಿನ ಗರ್ಭಗುಡಿಯಲ್ಲಿ ದೀಪದ ಕುಡಿಗೆ ಮಿನುಗಬೇಕಾದ ದೇವರಿಗೆ ಚಿನ್ನ ಬಿಟ್ಟರೆ ಬೇರೆ ಬಣ್ಣ ಒಗ್ಗುವುದಿಲ್ಲ ಎಂಬ ತಿಳಿವಳಿಕೆ ಎರಡೂ ಕಡೆ ಹುಟ್ಟಿತು, ಅಷ್ಟೆ.

ಕಥೆ ಹೇಳುವ ಚಿತ್ರದಲ್ಲಿ ಹೊಸ ದಾರಿ ತೆರೆದವನು ಜೋತ್ತೊ. ಪಾದುವಾ ನಗರದ ಸ್ಕ್ರೊವೆಞಿ ಎಂಬ ಸಾಹುಕಾರನ ಪ್ರಾರ್ಥನಾ ಮಂದಿರದಲ್ಲಿ 1305ರ ಹೊತ್ತಿಗೆ ಅವನು ಮರಿಯಮ್ಮ ಮತ್ತು ಯೇಸುವಿನ ಚರಿತ್ರೆಯನ್ನು ಸಾಲುಸಾಲಾಗಿ ಬರೆದ. ಸಾಹುಕಾರನ ಅಪ್ಪ ಬಡ್ಡಿ ವ್ಯಾಪಾರದಿಂದ ಹೆಸರು ಕೆಡಿಸಿಕೊಂಡವನು, ಕವಿ ದಾಂತೆ ಅವನನ್ನು ನರಕಕ್ಕೇ ಕಳಿಸಿದ್ದಾನೆ. ಪಾಪದ ದುಡ್ಡಿನಿಂದ ಪುಣ್ಯದ ಕೆಲಸ ಎಂಬ ಗುಮಾನಿ ಅಂದಿನಿಂದ ಇಂದಿನವರೆಗೆ ಇದೆ. ಜೋತ್ತೊನ ಮನುಷ್ಯರಿಗೆ ತೂಕ ಇದೆ. ಅಳುವವರು ಬೆನ್ನು ತಿರುಗಿಸಿ ಕೂತು ಅಳುತ್ತಾರೆ, ಆ ಬೆನ್ನಿನಲ್ಲೇ ದುಃಖ ಕಾಣುತ್ತದೆ. ನಮ್ಮ ಸೀಮೆಗೆ ಹತ್ತಿರದ ಲೇಪಾಕ್ಷಿಯ ಚಾವಣಿಯಲ್ಲಿ 16ನೇ ಶತಮಾನದಲ್ಲಿ ಬರೆದ ಕಿರಾತಾರ್ಜುನೀಯದ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಲೇಪಾಕ್ಷಿಯವನಿಗೆ ರೇಖೆ, ಸೀರೆಯ ಅಂಚು, ಕಣ್ಣಿನ ಚೂಪು ಮುಖ್ಯ. ಮುಖಗಳೆಲ್ಲ ಪಕ್ಕಕ್ಕೆ ತಿರುಗಿ ಕಥೆಯನ್ನು ಮುಂದೆ ತಳ್ಳುತ್ತವೆ. ಜೋತ್ತೊ ಒಂದೊಂದು ಚೌಕದಲ್ಲಿ ನಿಲ್ಲಿಸುತ್ತಾನೆ, ಅಲ್ಲಿಯೇ ಇರು ಅನ್ನುತ್ತಾನೆ. ನನ್ನ ಮಟ್ಟಿಗೆ ಲೇಪಾಕ್ಷಿಯ ರೇಖೆಯೇ ಮಿಗಿಲು, ಆದರೆ ಆ ಬೆನ್ನುಗಳನ್ನು ಮರೆಯಲಾಗದು.

ನಿಲ್ಲಿಸಿ ನೋಡಿಸುವ ಈ ಕ್ರಮವೇ ಮುಂದೆ ಶಿಲುಬೆ ಹಾದಿಯಾಗಿ ನಮ್ಮ ಚರ್ಚುಗಳಿಗೆ ಬಂತು. ಜೆರುಸಲೇಮಿಗೆ ಹೋಗಲಾಗದವರಿಗಾಗಿ ಫ್ರಾನ್ಸಿಸ್ಕನ್ನರು ಬೆಳೆಸಿದ ಪದ್ಧತಿ ಅದು. ಹದಿನಾಲ್ಕು ಸ್ಥಲಗಳೆಂದು ಗೊತ್ತಾದದ್ದು 1731ರಲ್ಲಿ. ಕೆಜಿಎಫ್‌ನ ಕಥೋಲಿಕ ಚರ್ಚಿನಲ್ಲಾಗಲಿ ಬೆಂಗಳೂರಿನದರಲ್ಲಾಗಲಿ ಎರಡು ಗೋಡೆಗಳುದ್ದಕ್ಕೆ ಏಳೇಳು ಫಲಕ. ತಪಸ್ಸುಕಾಲದ ಶುಕ್ರವಾರ ಜನ ಒಂದೊಂದರ ಮುಂದೆಯೂ ಮೊಣಕಾಲೂರಿ ಮುಂದಕ್ಕೆ ಸಾಗುತ್ತಾರೆ. ಚಿತ್ರ ನೋಡಲು ಮೈಯೂ ನಡೆಯಬೇಕು. ಕನಕಪುರದ ಹತ್ತಿರದ ಹಾರೋಬೆಲೆಯಲ್ಲಿ ಊರಿನವರೇ ವೇಷ ಹಾಕಿ ಬೆಟ್ಟದಲ್ಲಿ ಯೇಸುವಿನ ಪಾಡನ್ನು ಆಡಿ ತೋರಿಸುವುದು ಇದೇ ಹಾದಿಯ ಇನ್ನೊಂದು ಕವಲು.

ಈ ಚಿತ್ರಗಳು ನಮ್ಮ ಕಡೆ ಬಂದ ದಾರಿಗಳು ಹಲವು. ಕೇರಳದ ಹಳೆಯ ಕ್ರೈಸ್ತರ ಪಹ್ಲವಿ ಬರಹದ ಕಲ್ಲು ಶಿಲುಬೆಗಳಲ್ಲಿ ಮನುಷ್ಯ ರೂಪವೇ ಇಲ್ಲ. ಮೂರ್ತಿ, ಚಿತ್ರ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ. ಗೋವಾ ಅವರ ವಶವಾದದ್ದು 1510ರ ನವೆಂಬರ್ 25, ಸಂತ ಕ್ಯಾಥರೀನಳ ಹಬ್ಬದ ದಿನ. ಅಲ್ಲಿನ ಸೇ ಕೆಥೆಡ್ರಲ್ ಅವಳ ಹೆಸರಿನದು, ಮುಖ್ಯ ಪೀಠದ ಚಿನ್ನ ಬಳಿದ ಫಲಕಗಳಲ್ಲಿ ಅವಳ ಪುರಾಣವೇ ಕೆತ್ತನೆಯಾಗಿದೆ. ಮಧ್ಯಯುಗದ ಸಂತಪುರಾಣ ಫಲಕ ಫಲಕವಾಗಿ ನಿಂತಿರುವುದನ್ನು ನೋಡಬೇಕೆನ್ನುವ ಕನ್ನಡಿಗರಿಗೆ ಅದೇ ಹತ್ತಿರದ ಜಾಗ. 1580ರಲ್ಲಿ ಗೋವೆಯಿಂದ ಅಕ್ಬರನ ಆಸ್ಥಾನಕ್ಕೆ ಹೋದ ಜೆಸ್ವಿತರು ಮರಿಯಮ್ಮನ ಚಿತ್ರ ಒಯ್ದರು. ಮೊಗಲ್ ಚಿತ್ರಕಾರರು ಅದನ್ನು ನೋಡಿ ತಮ್ಮ ರೀತಿಯಲ್ಲಿ ಬರೆದರು. ಮೈಸೂರಿಗೆ 1648ರಲ್ಲಿ ಜೆಸ್ವಿತ್ ಗುರು ಲಿಯೊನಾರ್ದೊ ಚಿನ್ನಮಿ ಬಂದು ಶ್ರೀರಂಗಪಟ್ಟಣದಲ್ಲಿ ನೆಲೆಸಿದ, ಕನ್ನಡ ಕಲಿತ. ಶ್ರೀನಿವಾಸಪುರ, ಮುಳುಬಾಗಿಲಿನ ಅಂಚಿಗಿರುವ ಪುಂಗನೂರಿಗೆ 18ನೇ ಶತಮಾನದ ಆರಂಭದಲ್ಲಿ ಫ್ರೆಂಚ್ ಜೆಸ್ವಿತರು ಸನ್ಯಾಸಿಗಳ ಉಡುಪಿನಲ್ಲಿ ಬಂದರು. ಅಲ್ಲಿಂದ ಚಿಕ್ಕಬಳ್ಳಾಪುರದವರೆಗೂ ಅವರ ಓಡಾಟವಿತ್ತು.

ಕರಾವಳಿಯ ಮಾತೇ ಬೇರೆ. ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸನ ಮರದ ಮೂರ್ತಿ ಇದೆ, ಜನವರಿಯ ಜಾತ್ರೆಗೆ ಎಲ್ಲ ಜಾತಿಯವರೂ ಸೇರುತ್ತಾರೆ. ಮಂಗಳೂರಿನ ಸಂತ ಅಲೋಷಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರವನ್ನು ಬೆರ್ಗಮೊ ಕಡೆಯ ಜೆಸ್ವಿತ್ ಸೋದರ ಆಂಟೊನಿಯೊ ಮೊಸ್ಕೇನಿ 19ನೇ ಶತಮಾನ ಮುಗಿಯುವ ಹೊತ್ತಿಗೆ ಚಿತ್ರಗಳಿಂದ ತುಂಬಿದ. ಗೋಡೆಗಳಲ್ಲಿ ಹಸಿಗಾರೆಯ ಮೇಲೆ ಬರೆದ ಚಿತ್ರ, ಚಾವಣಿಯಲ್ಲಿ ಕ್ಯಾನ್ವಾಸಿನ ಮೇಲೆ ತೈಲವರ್ಣ. ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡಿ 1591ರಲ್ಲಿ ಇಪ್ಪತ್ತಮೂರನೆಯ ವಯಸ್ಸಿಗೇ ತೀರಿಕೊಂಡ ಅಲೋಷಿಯಸನ ಕಥೆ ಅಲ್ಲಿದೆ. ಶೈಲಿ ಬರೋಕ್, ಆದರೆ ಸಂತನ ಚರಿತ್ರೆಯನ್ನು ಚೌಕ ಚೌಕವಾಗಿ ಹೇಳುವ ಕ್ರಮ ಜೋತ್ತೊನ ಕಾಲದ್ದೇ. ಮೊಸ್ಕೇನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ. ಕರಾವಳಿಯ ಉಪ್ಪುಗಾಳಿಗೆ, ಮಳೆಗೆ ಮಾಸಿದ್ದ ಚಿತ್ರಗಳನ್ನು 1990ರ ದಶಕದಲ್ಲಿ ತಜ್ಞರು ಜೀರ್ಣೋದ್ಧಾರ ಮಾಡಿದರು. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಬಣ್ಣದ ಗಾಜುಗಳೂ ಮಧ್ಯಯುಗದ ಆ ಪರಂಪರೆಯವೇ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ, ಜರ್ಮನಿಯ ಕಲೋನ್ ಕೆಥೆಡ್ರಲಿನ ಮಾದರಿಯ ಕಟ್ಟಡ ಅದು. ಪ್ರವಾಸಿಗರು ಗೋಪುರ ನೋಡಿ ಹೊರಡುತ್ತಾರೆ. ಸಂಜೆ ಬಿಸಿಲು ಓರೆಯಾದಾಗ ಒಳಗೆ ಕೂತರೆ ಷಾರ್ತ್ರ್‌ನವರು ಗಾಜಿಗೆ ಯಾಕೆ ಅಷ್ಟು ದುಡ್ಡು ಸುರಿದರೆಂಬುದು ತಿಳಿಯುತ್ತದೆ.

ಕೋಲಾರಕ್ಕೆ ಬಂದರೆ ಚಿತ್ರ ಎರಡಾಗಿ ಸೀಳುತ್ತದೆ. 1877ರ ಕ್ಷಾಮದಲ್ಲಿ ಮಿಸ್ ಆನ್‌ಸ್ಟಿ ಕೋಲಾರದಲ್ಲಿ ತೆರೆದ ಅನಾಥಾಲಯ 1890ರಲ್ಲಿ ಅಮೆರಿಕದ ಮೆಥಡಿಸ್ಟರ ಕೈಗೆ ಬಂತು. ಜಿಲ್ಲೆಯವರೆಲ್ಲ ಬಲ್ಲ ಇಟಿಸಿಎಂ ಆಸ್ಪತ್ರೆ ಅವರದೇ, 1910ರದ್ದು. ಮೆಥಡಿಸ್ಟರ ಚರ್ಚಿನಲ್ಲಿ ಸಂತರಿಲ್ಲ. ಬಿಳಿ ಗೋಡೆ, ಒಂದು ಬರಿ ಶಿಲುಬೆ, ಬೈಬಲಿನ ವಾಕ್ಯ. ಇದರ ಹಿಂದೆ 1524ರ ಜೂರಿಕ್ ಇದೆ. ಸುಧಾರಕ ಸ್ವಿಂಗ್ಲಿಯ ಮಾತು ಕೇಳಿ ಊರಿನವರು ಆ ವರ್ಷ ಚರ್ಚುಗಳ ಮೂರ್ತಿಗಳನ್ನು ತೆಗೆಸಿ ಗೋಡೆಗೆ ಸುಣ್ಣ ಹೊಡೆಸಿದರು. ಇಂಗ್ಲೆಂಡಿನ ಹಳ್ಳಿ ಚರ್ಚುಗಳಲ್ಲಿಯೂ ಕೊನೆಯ ತೀರ್ಪಿನ ದೊಡ್ಡ ಚಿತ್ರಗಳು ಸುಣ್ಣದಡಿ ಹೋದವು. ಇತ್ತ ಚಿನ್ನದ ಗಣಿಗೆ 1880ರಿಂದ ಬಂದವರಲ್ಲಿ ಕಾರ್ನ್‌ವಾಲಿನ ಗಣಿಗಾರರು ಸುಣ್ಣದ ಗೋಡೆಯ ಮೆಥಡಿಸ್ಟರು, ಇಟಲಿಯ ಕೆಲಸಗಾರರು ಮತ್ತು ತಮಿಳು ಸೀಮೆಯಿಂದ ಬಂದ ಕೂಲಿಗಳಲ್ಲಿ ಅನೇಕರು ಸಂತರನ್ನು ಬಿಡದ ಕಥೋಲಿಕರು. ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನ ಅವರ್ ಲೇಡಿ ಆಫ್ ವಿಕ್ಟರೀಸ್ ಚರ್ಚಿನ ಹೆಸರಿನಲ್ಲೇ 1571ರ ಲೆಪಾಂಟೊ ಕಡಲ ಯುದ್ಧದ ನೆನಪಿದೆ. ಆ ಗೆಲುವು ಮರಿಯಮ್ಮನ ಕೃಪೆ ಎಂದು ಪೋಪ್ ಐದನೇ ಪಿಯುಸ್ ಸಾರಿದ್ದರು. ಚಿತ್ರ ಬೇಕೋ ಬೇಡವೋ ಎಂಬ ಪಶ್ಚಿಮದ ಸಾವಿರ ವರ್ಷದ ಜಗಳದ ಎರಡು ತೀರ್ಪುಗಳೂ ಹೀಗೆ ಒಂದೇ ಜಿಲ್ಲೆಯಲ್ಲಿ, ಬಸ್ಸಿನಲ್ಲಿ ಒಂದು ಗಂಟೆಯ ಹಾದಿಯೊಳಗೆ ಸಿಗುತ್ತವೆ. ಮೆಥಡಿಸ್ಟರೂ ಚಿತ್ರವನ್ನು ಪೂರ್ತಿ ಬಿಟ್ಟವರಲ್ಲ ಅನ್ನಿ. ಹಳ್ಳಿಗಳಲ್ಲಿ ಬೈಬಲ್ ಕಥೆ ಹೇಳಲು ಮಿಷನರಿಗಳು ಬಣ್ಣದ ಚಿತ್ರಪಟದ ಸುರುಳಿ, ಮ್ಯಾಜಿಕ್ ಲ್ಯಾಂಟರ್ನ್ ಬಳಸುತ್ತಿದ್ದರು. ಗ್ರೆಗರಿಯ ವಾದ ಹಿಂಬಾಗಿಲಿನಿಂದ ಒಳಗೆ ಬಂತು.

ಕಥೋಲಿಕ ಚರ್ಚುಗಳಲ್ಲಿರುವ ಮೂರ್ತಿಗಳು ಬಹುಪಾಲು ಪ್ಲಾಸ್ಟರಿನವು. ಮೈಸೂರು ಸೀಮೆಯ ಮಿಷನ್ ಪ್ಯಾರಿಸಿನ ಗುರುಗಳ ಕೈಯಲ್ಲಿದ್ದ ಕಾಲದಲ್ಲಿ, ಅದೇ ಪ್ಯಾರಿಸಿನ ಸೇಂಟ್ ಸುಲ್ಪಿಸ್ ಬೀದಿಯ ಅಂಗಡಿಗಳ ಶೈಲಿ ಲೋಕಕ್ಕೆಲ್ಲ ಹಬ್ಬಿತು. ಗುಲಾಬಿ ಕೆನ್ನೆ, ತಿಳಿನೀಲಿ ಸೆರಗು, ಮೇಲೆ ನೋಡುವ ಕಣ್ಣು. ಕಲಾವಿಮರ್ಶಕರು ಇವನ್ನು ಕಂಡರೆ ಮೂಗು ಮುರಿಯುತ್ತಾರೆ. ಜರ್ಮನಿಯ ಹಾನ್ಸ್ ಬೆಲ್ಟಿಂಗ್ 1990ರಲ್ಲಿ ಬರೆದ ಗ್ರಂಥ ಈ ಮೂಗುಮುರಿತಕ್ಕೆ ಒಳ್ಳೆಯ ಉತ್ತರ. ಕಲೆ ಎಂಬ ಕಲ್ಪನೆ ಹುಟ್ಟುವ ಮೊದಲು ಚಿತ್ರಕ್ಕೆ ಬೇರೆಯೇ ಬಾಳಿತ್ತು, ಚಿತ್ರದಲ್ಲಿ ಸಂತ ಎದುರಿಗೇ ಇದ್ದಾನೆ ಎಂಬುದೇ ಅದರ ಜೀವ, ಅಂದ ಆಮೇಲಿನದು ಎಂಬುದು ಅವನ ವಾದ. ಬೆಂಗಳೂರು ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಮಾತೆಗೆ ಸೀರೆ ಉಡಿಸಿ ತೇರೇರಿಸುವುದನ್ನು ನೋಡಿದವರಿಗೆ ಬೆಲ್ಟಿಂಗ್‌ನನ್ನು ಓದುವ ಕೆಲಸ ಅರ್ಧ ಉಳಿಯುತ್ತದೆ. ಮೈಸೂರು ಜಿಲ್ಲೆಯ ಡೋರ್ನಹಳ್ಳಿಯ ಸಂತ ಅಂತೋಣಿಯ ಮೂರ್ತಿ ರೈತನೊಬ್ಬ ಹೊಲ ಉಳುವಾಗ ನೇಗಿಲಿಗೆ ಸಿಕ್ಕಿತಂತೆ. ಯುರೋಪಿನ ಎಷ್ಟೋ ಮರಿಯಮ್ಮಂದಿರು ಹೀಗೆಯೇ ಹೊಲದಲ್ಲಿ, ಬಾವಿಯಲ್ಲಿ, ಮರದ ಪೊಟರೆಯಲ್ಲಿ ಸಿಕ್ಕವರು. ನಮ್ಮ ಉದ್ಭವ ಮೂರ್ತಿಗಳ ಕಥೆಗಳನ್ನು ಎಣಿಸುತ್ತಾ ಹೋದರೆ ಮುಗಿಯದು.

ಮಾಲ್ ಹೇಳುವ ಪುಸ್ತಕಕ್ಕೂ ಬೆಲ್ಟಿಂಗ್ ಹೇಳುವ ಸನ್ನಿಧಿಗೂ ನಡುವೆ ಆರಿಸಿಕೊಳ್ಳಬೇಕಾದರೆ ನಾನು ಸನ್ನಿಧಿಯ ಕಡೆ. ಹಾಗೆ ಆರಿಸಿಕೊಂಡ ಮೇಲೆ ಒಂದು ಕಿರಿಕಿರಿಯ ಪ್ರಶ್ನೆ ಎದುರಾಗುತ್ತದೆ. ಸನ್ನಿಧಿ ಯಾವ ರೂಪದಲ್ಲಿದ್ದರೇನು, ಯುರೋಪಿನ ಮುಖವೇ ಏಕೆ? ಬೆಂಗಳೂರಿನಲ್ಲಿ 1967ರಲ್ಲಿ ಡಿ. ಎಸ್. ಅಮಲೋರ್‌ಪವದಾಸ್ ಆರಂಭಿಸಿದ ಎನ್‌ಬಿಸಿಎಲ್‌ಸಿ ಕೇಂದ್ರದಲ್ಲಿ ಭಾರತೀಯ ರೂಪಗಳಲ್ಲಿ ಕ್ರೈಸ್ತ ಕಲೆ ಬೆಳೆಸುವ ಯತ್ನ ನಡೆಯಿತು. ಆ ಕೇಂದ್ರದ ಜೊತೆ ಕೆಲಸ ಮಾಡಿದ ಜ್ಯೋತಿ ಸಾಹಿ ಬೆಂಗಳೂರಿನ ಆಚೆ ಸಿಲ್ವೆಪುರದಲ್ಲಿ ಕಲಾಶ್ರಮ ಕಟ್ಟಿದರು. ಅವರಿಗೂ ಮುಂಚೆ ಗೋವೆಯ ಆಂಜೆಲೊ ದ ಫೊನ್ಸೆಕಾ ಸೀರೆಯುಟ್ಟ ಮರಿಯಮ್ಮನನ್ನು ಬರೆದು ಸ್ವಂತ ಜನರಿಂದಲೇ ಬೈಸಿಕೊಂಡಿದ್ದರು. ಜ್ಯೋತಿ ಸಾಹಿಯವರ ಕೆಲಸ ಮುಖ್ಯವಾದದ್ದು, ರೇಖೆಯಲ್ಲಿ ಕಸುವಿದೆ. ಜನಸಾಮಾನ್ಯರು ಮಾತ್ರ ಗುಲಾಬಿ ಕೆನ್ನೆಯವಳನ್ನು ಬಿಟ್ಟುಕೊಟ್ಟಿಲ್ಲ. ಅವರಿಗೆ ಅರಿವು ಸಾಲದು ಎನ್ನುವವರಿದ್ದಾರೆ. ನನಗೆ ಹಾಗನ್ನಿಸದು. ಅಜ್ಜನ ಕಾಲದಿಂದ ಯಾವ ಮುಖದ ಮುಂದೆ ಅತ್ತಿದ್ದಾರೋ ಆ ಮುಖವೇ ಅವರಿಗೆ ದೇಸಿ. ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ, ತೇರಿನಲ್ಲಿ ಕೂರಿಸಿ ಅವರು ಆಕೆಯನ್ನು ತಮ್ಮವಳನ್ನಾಗಿ ಮಾಡಿಕೊಂಡು ತುಂಬ ಕಾಲವಾಯಿತು, ಯಾರ ಅಪ್ಪಣೆಗೂ ಕಾಯಲಿಲ್ಲ.

ಇಲ್ಲಿ ಆತಂಕವೊಂದಿದೆ, ಅದು ಶೈಲಿಯದ್ದಲ್ಲ. ಬಳಕೆಯಲ್ಲಿರುವ ಮೂರ್ತಿಗೆ ಹಬ್ಬದ ಮುಂಚೆ ಹೊಸ ಬಣ್ಣ ಬೀಳುತ್ತದೆ. ಈಗೀಗ ಬಳಿಯುವುದು ಎನಾಮಲ್. ಹಳೆಯ ಪ್ಲಾಸ್ಟರಿನ ರೆಪ್ಪೆ, ಬೆರಳ ಸಂದು, ಸೆರಗಿನ ಅಂಚಿನ ಸಣ್ಣ ಕೆಲಸವೆಲ್ಲ ಆ ದಪ್ಪ ಪದರದಡಿ ಮುಚ್ಚಿಹೋಗುತ್ತದೆ. ಬಿರುಕು ಬಿಟ್ಟರೆ ತೆಗೆದುಹಾಕಿ ಫೈಬರಿನದು ತರುತ್ತಾರೆ. ಪೀಠದ ಮೇಲೆ ಬರೆದಿದ್ದ ದಾನಿಗಳ ಹೆಸರು, ವರ್ಷ ಹಳೆಯದರ ಜೊತೆಗೇ ಹೋಗುತ್ತವೆ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಕುಟುಂಬಗಳು ಬೆಂಗಳೂರಿಗೆ, ಚೆನ್ನೈಗೆ ಹೋದವು. ಯಾವ ಮೂರ್ತಿ ಯಾವ ಗಣಿಯವರು ಕೊಡಿಸಿದ್ದು, ಯಾವ ಅಪಘಾತದ ನಂತರದ ಹರಕೆ ಎಂದು ಹೇಳಬಲ್ಲ ಹಿರಿಯರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಕೋಲಾರದ ದೇವಾಲಯಗಳ ಶಾಸನಗಳನ್ನು ಬಿ. ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟದಲ್ಲಿ ನೂರು ವರ್ಷಕ್ಕೂ ಹಿಂದೆ ಕೂಡಿಹಾಕಿದರು. ಚರ್ಚುಗಳ ಈ ಮೂರ್ತಿಗಳಿಗೂ ಅಂಥದೊಂದು ಪಟ್ಟಿ ಬೇಕು. ಅದಕ್ಕೆ ದೊಡ್ಡ ಸಂಸ್ಥೆ ಬೇಕಿಲ್ಲ. ಪ್ರತಿ ಧರ್ಮಕೇಂದ್ರದಲ್ಲೂ ಇಬ್ಬರು ಹುಡುಗರು, ಒಂದು ಫೋನು, ಒಂದು ನೋಟ್‌ಬುಕ್ ಸಾಕು. ಮೂರ್ತಿಯ ನಾಲ್ಕೂ ಕಡೆಯ ಫೋಟೊ, ಪೀಠದ ಬರಹ, ಎತ್ತರ, ಹಿರಿಯರು ಹೇಳಿದ ಎರಡು ಮಾತು. ಮುಂದಿನ ಹಬ್ಬಕ್ಕೆ ಪೇಂಟರ್ ಏಣಿ ಹಾಕುವ ಮೊದಲು ಇಷ್ಟನ್ನು ಮಾಡಿಟ್ಟುಕೊಳ್ಳಿ.